ಶಟರಿಗೆ ಎರಡು ಬೀಗ

ಕೈಲ್‌ಪೊಳ್ದ್ ಹಬ್ಬ ಮುಗಿಯಿತು. ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ಎದುರಿಗೆ ದಸರಾ, ಅದರ ಹಿಂದೆಯೇ ಪ್ರವಾಸಿಗರ ಸೀಸನ್ನು. ಅಂದರೆ ನಮ್ಮೂರುಗಳಲ್ಲಿ ಅಂಗಡಿ ಬಾಡಿಗೆ ಏರಿಸುವ ಕಾಲ. ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಅದೇ ತಕರಾರು, ಹಾಗಾಗಿ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಮಡಿಕೇರಿಯಲ್ಲಿ ವಕೀಲಿ ಮಾಡುವವಳು. ನಮ್ಮಪ್ಪ ಬಾಡಿಗೆ ಅಂಗಡಿಯಲ್ಲಿ ಕೂತು ಬಟ್ಟೆ ಮಾರಿದವರು. ಈಗ ಅಮ್ಮನ ಹೆಸರಲ್ಲಿ ಎರಡು ಮಳಿಗೆ ಇವೆ, ಬಾಡಿಗೆಗೆ ಕೊಟ್ಟಿದ್ದೇವೆ. ಎರಡೂ ಕಡೆಯವರ ಬೈಗುಳ ಕೇಳಿ ಅಭ್ಯಾಸ ಇದೆ.

ಪ್ರಶ್ನೆ: ಮೇಡಂ, ಮಡಿಕೇರಿಯಲ್ಲಿ ಆರು ವರ್ಷದಿಂದ ಏಲಕ್ಕಿ, ಕರಿಮೆಣಸು, ಜೇನು, ಹೋಂ ಮೇಡ್ ಚಾಕೊಲೇಟ್ ಅಂಗಡಿ ನಡೆಸುತ್ತಿದ್ದೇನೆ. 12 ಅಡಿಗೆ 20 ಅಡಿ ಜಾಗ, ಬಾಡಿಗೆ 18,000 ರೂಪಾಯಿ. 11 ತಿಂಗಳ ಕರಾರು ಮೊದಲು ಒಂದು ಸಲ ಆಗಿತ್ತು. ಆಮೇಲೆಲ್ಲ ಬಾಯಿಮಾತು. ಈಗ ಓನರ್ 'ಅಕ್ಟೋಬರಿನಿಂದ 26,000 ಕೊಡಿ, ಇಲ್ಲದಿದ್ದರೆ ಖಾಲಿ ಮಾಡಿ' ಅನ್ನುತ್ತಿದ್ದಾರೆ. ಹೀಗೆ ಏಕಾಏಕಿ ಏರಿಸಬಹುದಾ? ಬಾಡಿಗೆ ನಿಯಂತ್ರಣ ಕಾನೂನು ಇಲ್ಲವಾ? 'ಬಾಡಿಗೆ ಕೊಡೋದನ್ನೇ ನಿಲ್ಲಿಸು, ತಾನಾಗಿ ದಾರಿಗೆ ಬರ್ತಾರೆ' ಅಂತ ಪಕ್ಕದ ಅಂಗಡಿಯವರು ಹೇಳುತ್ತಾರೆ.
— ಒಬ್ಬ ವ್ಯಾಪಾರಿ, ಮಡಿಕೇರಿ

ಉತ್ತರ: ಮೊದಲು ಪಕ್ಕದ ಅಂಗಡಿಯವರಿಗೆ ಒಂದು ಕಾಫಿ ಕುಡಿಸಿ ಕಳಿಸಿ. ಅವರ ಸಲಹೆ ಕೇಳಿ ಬಾಡಿಗೆ ನಿಲ್ಲಿಸಿದವರು ನನ್ನ ಆಫೀಸಿಗೆ ವರ್ಷಕ್ಕೆ ನಾಲ್ಕೈದು ಜನ ಬರುತ್ತಾರೆ. ಓನರ್ ಹತ್ತಿರ ಅದುವರೆಗೆ ಕೇಸೇ ಇರುವುದಿಲ್ಲ. ಬಾಡಿಗೆ ನಿಂತ ದಿನ ನಾವೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗೆ ಆಗುತ್ತದೆ. ಈಗಿನ 18,000 ರೂಪಾಯಿಯನ್ನು ತಿಂಗಳ ಅದೇ ತಾರೀಕಿಗೆ ಬ್ಯಾಂಕಿನ ಮೂಲಕ ಕಳಿಸುತ್ತಿರಿ. ಅವರು ವಾಪಸು ಮಾಡಿದರೆ ಆ ದಾಖಲೆಯನ್ನೂ ಇಟ್ಟುಕೊಳ್ಳಿ.

ಇನ್ನು ಕಾನೂನು. ನಿಮ್ಮ ಆಸೆಗೆ ಸ್ವಲ್ಪ ನೀರು ಹಾಕಲೇಬೇಕು. 1961ರ ಹಳೆಯ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಂದಿದೆ. 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗೆ ಅದು ಅನ್ವಯಿಸುವುದೇ ಇಲ್ಲ. ಅದಕ್ಕಿಂತ ಚಿಕ್ಕದಾದರೂ ಬೇರೆ ಷರತ್ತುಗಳಿವೆ. 14 ಚದರ ಮೀಟರ್ ಅಂದರೆ ಸುಮಾರು 150 ಚದರಡಿ, 10 ಅಡಿಗೆ 15 ಅಡಿ. ಅದೂ ಗೋಡೆಯ ದಪ್ಪ ಸೇರಿಸಿ. ನಿಮ್ಮದು 240 ಚದರಡಿ. ಟೇಪು ಹಿಡಿಯುವ ಅಗತ್ಯವೂ ಇಲ್ಲ.

ಹಾಗಾದರೆ ನಿಮಗೆ ಅನ್ವಯಿಸುವುದು 1882ರ ಆಸ್ತಿ ವರ್ಗಾವಣೆ ಕಾಯ್ದೆ. ಬ್ರಿಟಿಷರ ಕಾಲದ್ದು, ಈಗಲೂ ಗಟ್ಟಿಯಾಗಿ ನಿಂತಿದೆ. ಅದರ ಪ್ರಕಾರ ನೀವೀಗ ತಿಂಗಳಿಂದ ತಿಂಗಳಿಗೆ ಬಾಡಿಗೆದಾರರು. ಬಾಡಿಗೆ ಏರಿಸಲು ನಿಮ್ಮ ಒಪ್ಪಿಗೆ ಬೇಕು, ಅದು ನಿಜ. ಆದರೆ ನೀವು ಒಪ್ಪದಿದ್ದರೆ ಅವರು ಲಿಖಿತವಾಗಿ 15 ದಿನದ ನೋಟಿಸ್ ಕೊಟ್ಟು ಬಾಡಿಗೆ ಸಂಬಂಧ ಮುಗಿಸಬಹುದು. ಕಾರಣ ಹೇಳಬೇಕಾಗಿಲ್ಲ. ಹಾಗಂತ 16ನೇ ದಿನ ನಿಮ್ಮನ್ನು ಹೊರಗೆ ಹಾಕುವಂತೆಯೂ ಇಲ್ಲ. ಕೋರ್ಟಿಗೆ ಹೋಗಿ ಡಿಕ್ರಿ, ಅಂದರೆ ತೀರ್ಪಿನ ಆದೇಶ, ತರಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಅದು ಅವರಿಗೂ ಗೊತ್ತು. ನಿಮ್ಮ ಬಲ ಇರುವುದು ಆ ಸಮಯದಲ್ಲಿ ಮಾತ್ರ. ಅದನ್ನು ಜಗಳಕ್ಕೆ ಖರ್ಚು ಮಾಡದೆ ಮಾತುಕತೆಗೆ ಬಳಸಿ.

ಮಾತುಕತೆಗೆ ಕೂತಾಗ 'ಜಾಸ್ತಿ ಆಯ್ತು' ಅಂತ ಗೊಣಗಬೇಡಿ, ಲೆಕ್ಕ ಇಡಿ. ಕೊಡಗಿನಲ್ಲಿ ಅಂಗಡಿಗೆ 12 ತಿಂಗಳ ವ್ಯಾಪಾರ ಇಲ್ಲ. ಜೂನ್, ಜುಲೈ, ಆಗಸ್ಟಿನಲ್ಲಿ ಕೊಡೆ ಮಡಿಸಿಕೊಂಡು ಒಳಗೆ ಬರುವವರು ಗಿರಾಕಿಗಳಲ್ಲ, ಬಸ್ಸು ಕಾಯುವವರು. ಇದು ಅವರಿಗೂ ಗೊತ್ತಿರುವ ಸತ್ಯ. ಹಾಗಿದ್ದ ಮೇಲೆ ಬಾಡಿಗೆ ಮಾತ್ರ ವರ್ಷಪೂರ್ತಿ ಒಂದೇ ಯಾಕಿರಬೇಕು?

ಕಳೆದ ವರ್ಷ ಇಂಥದೇ ಒಂದು ಜಗಳದಲ್ಲಿ ನಾನು ಮಧ್ಯೆ ಕೂತಿದ್ದೆ. ಆಗ ಮಾಡಿದ ಸೂತ್ರವನ್ನು ನಿಮ್ಮ ಅಂಕಿಗಳಿಗೆ ಹಾಕಿ ನೋಡಿದ್ದೇನೆ. ಒಂಬತ್ತು ತಿಂಗಳು 22,500ರಂತೆ 2,02,500. ಮಳೆಗಾಲದ ಮೂರು ತಿಂಗಳು 15,000ದಂತೆ 45,000. ವರ್ಷಕ್ಕೆ ಒಟ್ಟು 2,47,500. ಈಗ ನೀವು ಕೊಡುತ್ತಿರುವುದು 2,16,000. ಓನರಿಗೆ ವರ್ಷಕ್ಕೆ 31,500 ಜಾಸ್ತಿ ಸಿಗುತ್ತದೆ, ನಿಮಗೆ ಜುಲೈಯಲ್ಲಿ ಉಸಿರಾಡಲು ಜಾಗ ಸಿಗುತ್ತದೆ. ಇದರ ಮೇಲೆ ವರ್ಷಕ್ಕೆ ಶೇಕಡಾ 5 ಏರಿಕೆ ಅಂತ ಈಗಲೇ ಬರೆದುಕೊಂಡರೆ ಮುಂದಿನ ದಸರಾಕ್ಕೆ ಮತ್ತೆ ಇದೇ ಮಾತು ಎತ್ತಬೇಕಾಗಿಲ್ಲ.

ಒಪ್ಪಂದ ಆದರೆ ಮೂರು ವರ್ಷಕ್ಕೆ ಮಾಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿ. ಒಂದು ವರ್ಷ ದಾಟಿದ ಅವಧಿಯ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ. ನೋಟರಿ ಮುಂದೆ ಸಹಿ ಹಾಕಿದ ಮೂರು ವರ್ಷದ ಕರಾರು ನೋಡಲು ಚೆನ್ನಾಗಿರುತ್ತದೆ, ಅಷ್ಟೇ. ಅದನ್ನು ನಂಬಿ ಮೂರು ವರ್ಷದ ಹಕ್ಕು ಕೇಳಿದರೆ ಕೋರ್ಟು ನಿಮ್ಮನ್ನು ಮತ್ತೆ ತಿಂಗಳ ಬಾಡಿಗೆದಾರರ ಸಾಲಿನಲ್ಲಿ ಕೂರಿಸುತ್ತದೆ. ಸ್ಟಾಂಪ್ ಶುಲ್ಕಕ್ಕೆ ಜಿಪುಣತನ ಮಾಡಬೇಡಿ. ಯಾರು ಎಷ್ಟು ಕೊಡಬೇಕು ಅನ್ನುವುದನ್ನೂ ಅದೇ ದಿನ ಮಾತಾಡಿಕೊಳ್ಳಿ. ಎಲ್ಲ ಮುಗಿದು ಈ ಒಂದು ವಿಷಯಕ್ಕೆ ಮುರಿದುಬಿದ್ದ ರಾಜಿಗಳನ್ನೂ ನೋಡಿದ್ದೇನೆ.

ಪ್ರಶ್ನೆ: ಅಕ್ಕ, ನನ್ನದು ಗೋಣಿಕೊಪ್ಪದಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ. ಈ ಮಳೆಗಾಲ ಹಿಂದಿನ ಗೋಡೆಯಿಂದ ನೀರು ಇಳಿದು ಎರಡು ಸಾಲು ಮಕ್ಕಳ ಬಟ್ಟೆ ಬೂಸ್ಟು ಹಿಡಿದು ಹಾಳಾಯಿತು. ಓನರಿಗೆ ನಾಲ್ಕು ಸಲ ಫೋನ್ ಮಾಡಿದೆ. 'ನೀವೇ ರಿಪೇರಿ ಮಾಡಿಸ್ಕೊಳ್ಳಿ' ಅಂದರು. ರಿಪೇರಿ ಖರ್ಚು, ಬಟ್ಟೆಯ ನಷ್ಟ ಎರಡನ್ನೂ ಬಾಡಿಗೆಯಲ್ಲಿ ಕಳೆಯಬಹುದಾ?
— ಓದುಗರು, ಗೋಣಿಕೊಪ್ಪ

ಉತ್ತರ: ರಿಪೇರಿಯದ್ದು ಬಹುಶಃ ಹೌದು, ಬಟ್ಟೆಯದ್ದು ಈಗಲೇ ಬೇಡ ತಮ್ಮ.

ಕರಾರು ತೆಗೆದು ನೋಡಿ. ದೊಡ್ಡ ರಿಪೇರಿ, ಛಾವಣಿ, ಗೋಡೆ ಯಾರ ಪಾಲಿಗೆ ಅಂತ ಬರೆದಿದೆ? ಓನರ್ ಪಾಲಿಗೆ ಅಂತಿದ್ದರೆ ದಾರಿ ಸುಲಭ. ಅವರು ಮಾಡಿಸಲೇಬೇಕಾದ ರಿಪೇರಿಯನ್ನು ನೋಟಿಸ್ ಕೊಟ್ಟ ಮೇಲೂ ಸೂಕ್ತ ಸಮಯದಲ್ಲಿ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇದು ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ. ಆದರೆ 'ಮಾಡಿಸಲೇಬೇಕಾದ' ಅನ್ನುವ ಮಾತನ್ನು ಮರೆಯಬೇಡಿ. ಕರಾರಿನಲ್ಲಿ ಏನೂ ಬರೆದಿಲ್ಲದಿದ್ದರೆ ಪ್ರತಿ ರಿಪೇರಿಯೂ ಓನರ್ ತಲೆಗೆ ಅಂತ ಕಾನೂನು ಹೇಳುವುದಿಲ್ಲ. ಜನ ಇಲ್ಲೇ ಎಡವುತ್ತಾರೆ.

ನಾಲ್ಕು ಫೋನ್ ಕಾಲ್ ನೋಟಿಸ್ ಅಲ್ಲ. ಒಂದು ಹಾಳೆಯಲ್ಲಿ ಬರೆಯಿರಿ: ನೀರು ಎಲ್ಲಿಂದ ಇಳಿಯುತ್ತಿದೆ, ಯಾವತ್ತಿನಿಂದ, ಗಾರೆ ಮೇಸ್ತ್ರಿ ಹೇಳಿದ ಅಂದಾಜು ಎಷ್ಟು, ಎಷ್ಟು ದಿನದೊಳಗೆ ಮಾಡಿಸಬೇಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಅದರ ಫೋಟೋವನ್ನು ವಾಟ್ಸಾಪಿಗೂ ಹಾಕಿ. ಮೇಸ್ತ್ರಿಯ ಅಂದಾಜು ಚೀಟಿ ಬಾಯಲ್ಲಿ ಬೇಡ, ಕಾಗದದಲ್ಲಿ ಇರಲಿ. ಹಾಳಾದ ಬಟ್ಟೆಯನ್ನು ಎಸೆಯುವ ಮೊದಲು ಫೋಟೋ ತೆಗೆದು, ಅದನ್ನು ಖರೀದಿಸಿದ ಬಿಲ್ ಜೋಡಿಸಿಡಿ. ಆ ನಷ್ಟವನ್ನು ನೀವಾಗಿಯೇ ಬಾಡಿಗೆಯಲ್ಲಿ ಮುರಿದರೆ ಅದು ಬಾಕಿ ಅಂತಲೇ ಲೆಕ್ಕಕ್ಕೆ ಬರುವ ಅಪಾಯ ಇದೆ. ಅದನ್ನು ಪ್ರತ್ಯೇಕವಾಗಿ ಕೇಳಿ.

ಇದೇ ಸಾಲಿನಲ್ಲಿ ಕುಶಾಲನಗರದ ಇನ್ನೊಬ್ಬರು ಕೇಳಿದ್ದಾರೆ: ಹೊಳೆ ನೀರು ನುಗ್ಗಿ ಅಂಗಡಿ ಮುಚ್ಚಿದ ದಿನಗಳ ಬಾಡಿಗೆ ಕೊಡಬೇಕಾ ಅಂತ. 2018ರ ಆಗಸ್ಟಿನ ಪ್ರವಾಹದ ಮೇಲೆ ಈ ಪ್ರಶ್ನೆ ನನಗೆ ಬರುತ್ತಲೇ ಇದೆ. ಪ್ರವಾಹ, ಬಿರುಗಾಳಿ, ಬೆಂಕಿಯಿಂದ ಜಾಗದ ಮುಖ್ಯ ಭಾಗವೇ ನಾಶವಾಗಿ ಶಾಶ್ವತವಾಗಿ ಬಳಕೆಗೆ ಬಾರದ ಹಾಗಾದರೆ ಬಾಡಿಗೆದಾರ ಕರಾರನ್ನು ಮುಗಿಸಬಹುದು. ನೀರು ನುಗ್ಗಿ, ಕೆಸರು ಬಳಿದು, ಹತ್ತು ದಿನಕ್ಕೆ ಮತ್ತೆ ಶಟರ್ ಎತ್ತಿದ ಅಂಗಡಿ ಆ ಲೆಕ್ಕಕ್ಕೆ ಬರುವುದಿಲ್ಲ. ಕೊರೊನಾ ಲಾಕ್‌ಡೌನಿನಲ್ಲೂ ಇದೇ ವಾದ ಎದ್ದಿತ್ತು. 2020ರ ಮೇ ತಿಂಗಳಲ್ಲಿ ದೆಹಲಿಯ ಖಾನ್ ಮಾರ್ಕೆಟಿನ ಒಂದು ಅಂಗಡಿಯ ಕೇಸಿನಲ್ಲಿ ಅಲ್ಲಿನ ಹೈಕೋರ್ಟ್ ಬಾಡಿಗೆ ಮನ್ನಾ ಮಾಡಲಿಲ್ಲ, ಕಟ್ಟಲು ಸ್ವಲ್ಪ ಸಮಯ ಕೊಟ್ಟಿತು, ಅಷ್ಟೇ. ಹಾಗಾಗಿ ಹೊಳೆ ಬದಿಯ ಅಂಗಡಿ ಹಿಡಿಯುವವರು 'ನೀರು ನುಗ್ಗಿದರೆ ಅಷ್ಟು ದಿನದ ಬಾಡಿಗೆ ಇಲ್ಲ' ಅನ್ನುವ ಒಂದು ಸಾಲನ್ನು ಕರಾರಿನಲ್ಲಿ ಮೊದಲೇ ಬರೆಸಿಕೊಳ್ಳಿ.

ಪ್ರಶ್ನೆ: ಸುಂಟಿಕೊಪ್ಪದಲ್ಲಿ ನನ್ನ ತಮ್ಮನದು ಮೊಬೈಲ್ ರಿಪೇರಿ ಅಂಗಡಿ. ಎರಡು ತಿಂಗಳ ಬಾಡಿಗೆ ಬಾಕಿ ಇತ್ತು. ಮೊನ್ನೆ ಬೆಳಿಗ್ಗೆ ಹೋದರೆ ಅವನ ಬೀಗದ ಮೇಲೆ ಓನರ್ ಇನ್ನೊಂದು ಬೀಗ ಹಾಕಿದ್ದಾರೆ. ಒಳಗೆ ಗಿರಾಕಿಗಳ ಹತ್ತೊಂಬತ್ತು ಫೋನ್ ಇವೆ. ಬೀಗ ಒಡೆಯಲಾ ಅಂತ ಕೇಳುತ್ತಿದ್ದಾನೆ.
— ಒಬ್ಬ ಅಕ್ಕ, ಸುಂಟಿಕೊಪ್ಪ

ಉತ್ತರ: ಒಡೆಯಬೇಡ ಅನ್ನಿ. ಈ ಉತ್ತರ ಪತ್ರಿಕೆಯಲ್ಲಿ ಬರುವ ತನಕ ಕಾಯುವ ವಿಷಯ ಇದಲ್ಲ, ಹಾಗಾಗಿ ನಿಮಗೆ ಆಗಲೇ ಬರೆದು ಕಳಿಸಿದ್ದೇನೆ. ಬೇರೆಯವರಿಗೂ ಗೊತ್ತಾಗಲಿ ಅಂತ ಇಲ್ಲಿ ಹಾಕುತ್ತಿದ್ದೇನೆ.

ಈ ಎರಡು ಬೀಗದ ಕಥೆ ನಮ್ಮ ಮನೆಯದ್ದೂ ಹೌದು. ನಾನಾಗ ಹೈಸ್ಕೂಲು. ಹುತ್ತರಿಗೆ ನಾಲ್ಕು ದಿನ ಇತ್ತು. ಅಪ್ಪ ಮೈಸೂರಿನಿಂದ ಹಬ್ಬದ ಮಾಲು ತಂದು ಹಾಕಿದ್ದರು. ಬೆಳಿಗ್ಗೆ ಹೋದರೆ ನಮ್ಮ ಸಣ್ಣ ಬೀಗದ ಮೇಲೆ ಅಂಗೈಯಷ್ಟು ದೊಡ್ಡ ಹಿತ್ತಾಳೆ ಬೀಗ. ಮೂರು ತಿಂಗಳ ಬಾಡಿಗೆ ಬಂದಿಲ್ಲ ಅಂತ ಕಟ್ಟಡದವರ ಮಾತು. ಅಪ್ಪ ಕೊಟ್ಟಿದ್ದರು. ಆದರೆ ಕೈಯಲ್ಲಿ ಕೊಟ್ಟಿದ್ದರು, ರಸೀದಿ ಕೇಳಿರಲಿಲ್ಲ. 'ಅವರ ಹತ್ತಿರ ರಸೀದಿ ಕೇಳೋದಾ, ಏನಂದುಕೊಳ್ತಾರೆ' ಅನ್ನುವ ಸಂಕೋಚ. ಅಪ್ಪ ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂತು ಆ ಹಿತ್ತಾಳೆ ಬೀಗವನ್ನೇ ನೋಡುತ್ತಿದ್ದರು. ಗಿರಾಕಿಗಳು ಬಂದು, ಶಟರ್ ನೋಡಿ, ಪಕ್ಕದ ಅಂಗಡಿಗೆ ಹೋಗುತ್ತಿದ್ದರು.

ನಮ್ಮನ್ನು ಉಳಿಸಿದ್ದು ಅಮ್ಮನ ಹಾಲಿನ ಲೆಕ್ಕದ ಪುಸ್ತಕ. ಹಾಲು ಎರಡು ಕುಡ್ತೆ, ಹಾಲು ಒಂದೂವರೆ ಕುಡ್ತೆ, ಅದರ ನಡುವೆ ಪೆನ್ಸಿಲಿನಲ್ಲಿ: 'ಅಂಗಡಿ ಬಾಡಿಗೆ ಕೊಟ್ಟಿತು, 600, ಅವರ ಮಗನ ಕೈಲಿ.' ಮೂರೂ ತಿಂಗಳು, ತಾರೀಕು ಸಮೇತ. ಊರಿನ ಇಬ್ಬರು ಹಿರಿಯರು ಆ ಪುಸ್ತಕ ಹಿಡಿದುಕೊಂಡು ಕಟ್ಟಡದವರ ಮನೆಗೆ ಹೋದರು. ಮಗನನ್ನು ಕರೆಸಿದರು. ಮಗ ನೆಲ ನೋಡಿದ. ಬೀಗ ಅವತ್ತು ಸಂಜೆಯೇ ಕಳಚಿ ಬಂತು. ಹಬ್ಬದ ವ್ಯಾಪಾರದಲ್ಲಿ ಎರಡು ದಿನ ಹೋಯಿತು, ಅದನ್ನು ಯಾರೂ ತುಂಬಿಕೊಡಲಿಲ್ಲ.

ನಿಮ್ಮ ತಮ್ಮನದು ಬೇರೆ, ಅಲ್ಲಿ ಬಾಕಿ ನಿಜವಾಗಿಯೂ ಇದೆ. ಆದರೂ ಬಾಕಿ ವಸೂಲಿಗೆ ಕೋರ್ಟು ಇದೆ, ಬೀಗ ಅಲ್ಲ. ಬಾಡಿಗೆದಾರನ ಸ್ವಾಧೀನದಲ್ಲಿರುವ ಜಾಗವನ್ನು ಕಾನೂನಿನ ದಾರಿ ಬಿಟ್ಟು ಕಸಿದುಕೊಂಡರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಂ ಪ್ರಕಾರ ಆರು ತಿಂಗಳೊಳಗೆ ದಾವೆ ಹಾಕಿ ವಾಪಸು ಕೇಳಬಹುದು. ಜಾಗ ಯಾರದ್ದು ಅನ್ನುವ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಆರು ತಿಂಗಳು ಅಂದರೆ ಆರೇ ತಿಂಗಳು. 'ನೋಡೋಣ, ಹಬ್ಬ ಮುಗೀಲಿ' ಅಂತ ಕೂರಬೇಡಿ.

ಈಗ ಮಾಡಬೇಕಾದದ್ದು: ಎರಡೂ ಬೀಗ ಕಾಣುವ ಹಾಗೆ ಫೋಟೋ. ಬಾಕಿ ಎರಡು ತಿಂಗಳ ಬಾಡಿಗೆಯನ್ನು ಸಾಲ ಮಾಡಿಯಾದರೂ ಇವತ್ತೇ ಅವರ ಖಾತೆಗೆ ಹಾಕಿ. ಇದು ಕಹಿ ಮಾತ್ರೆ, ಆದರೆ ಅದನ್ನು ನುಂಗಿದ ಮೇಲೆ ಓನರ್ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಳಗಿರುವ ಹತ್ತೊಂಬತ್ತು ಫೋನುಗಳ ಪಟ್ಟಿಯನ್ನು ಗಿರಾಕಿಗಳಿಗೆ ಕೊಟ್ಟ ಚೀಟಿ ನೋಡಿ ಬರೆಯಿರಿ. ಅದನ್ನು ಸೇರಿಸಿ ಪೊಲೀಸ್ ಠಾಣೆಗೆ ದೂರು ಕೊಡಿ. 'ಇದು ಸಿವಿಲ್ ಮ್ಯಾಟರ್' ಅಂತ ಹೇಳಬಹುದು. ಹೇಳಲಿ, ದೂರು ಸ್ವೀಕರಿಸಿದ್ದಕ್ಕೆ ಹಿಂಬರಹ ಕೇಳಿ ಪಡೆಯಿರಿ. ಬೇರೆಯವರ ಫೋನುಗಳು ಒಳಗೆ ಸಿಕ್ಕಿಕೊಂಡಿವೆ ಅನ್ನುವ ಒಂದೇ ಮಾತಿಗೆ ಎಷ್ಟೋ ಓನರುಗಳು ಬೀಗ ತೆಗೆಯುತ್ತಾರೆ. ಯಾಕೆಂದರೆ ಆ ಹತ್ತೊಂಬತ್ತು ಜನ ಊರಿನವರೇ ಅಲ್ವಾ?

ಪ್ರಶ್ನೆ: ನನಗೆ ಕುಶಾಲನಗರದಲ್ಲಿ ಒಂದೇ ಮಳಿಗೆ. ಯಜಮಾನರು ತೀರಿಕೊಂಡ ಮೇಲೆ ಅದರ ಬಾಡಿಗೆಯಲ್ಲೇ ಮನೆ ನಡೆಯಬೇಕು. ತಿಂಗಳಿಗೆ 9,000. ಬಾಡಿಗೆದಾರ 14 ತಿಂಗಳಿಂದ ಕೊಟ್ಟಿಲ್ಲ. ಕೇಳಿದರೆ 'ಅಡ್ವಾನ್ಸ್ ಒಂದು ಲಕ್ಷ ಇದೆಯಲ್ಲಾ, ಕಳ್ಕೊಳ್ಳಿ' ಅನ್ನುತ್ತಾನೆ. ಕರೆಂಟ್ ಕಟ್ ಮಾಡಿಸಲಾ?
— ಒಬ್ಬ ತಾಯಿ, ಕುಶಾಲನಗರ

ಉತ್ತರ: ಅಮ್ಮ, ಬಾಡಿಗೆದಾರರ ಪರವಾಗಿಯೇ ಬರೆಯುತ್ತೀರಿ ಅಂತ ನನ್ನನ್ನು ಬೈಯುವವರಿಗೆ ನಿಮ್ಮ ಕಾಗದ ತೋರಿಸುತ್ತೇನೆ. ಓನರ್ ಅಂದರೆ ಸಾಹುಕಾರರೇ ಆಗಿರಬೇಕಿಲ್ಲ.

ಕರೆಂಟ್ ಮುಟ್ಟಬೇಡಿ. ಮುಟ್ಟಿದರೆ ನಾಳೆ ಅವನು ತಡೆಯಾಜ್ಞೆ ತಂದು ನೊಂದವನ ವೇಷ ಹಾಕುತ್ತಾನೆ. ವಿದ್ಯುತ್ ಸಂಪರ್ಕ ಕೇಳುವ ಹಕ್ಕು ಕಟ್ಟಡದ ಮಾಲೀಕರಿಗೆ ಮಾತ್ರ ಅಲ್ಲ, ಅಲ್ಲಿ ವಾಸ್ತವವಾಗಿ ಇರುವವರಿಗೂ ಇದೆ.

14 ತಿಂಗಳಿಗೆ 1,26,000. ಒಂದು ಲಕ್ಷ ಕಳೆದರೂ 26,000 ಅವನೇ ಕೊಡಬೇಕು. ಮೇಲಾಗಿ ಅಡ್ವಾನ್ಸ್ ಇರುವುದು ಅವನು ಹೋಗುವ ದಿನದ ಲೆಕ್ಕಕ್ಕೆ, ತಿಂಗಳ ಬಾಡಿಗೆಗೆ ಅಲ್ಲ. ವಕೀಲರ ಮೂಲಕ ಒಂದು ನೋಟಿಸ್ ಕೊಡಿಸಿ: ಬಾಕಿ ಕಟ್ಟು, 15 ದಿನದಲ್ಲಿ ಖಾಲಿ ಮಾಡು. ನೋಟಿಸ್ ಆದ ಮೇಲೆ ಅವನು ಒಂದು ತಿಂಗಳ ಬಾಡಿಗೆ ತಂದು ಕೈಯಲ್ಲಿಟ್ಟರೆ ಸುಮ್ನೆ ತಗೊಳ್ಳಬೇಡಿ. ನೋಟಿಸ್ ಬಿಟ್ಟುಕೊಟ್ಟಿದ್ದೀರಿ ಅಂತ ಅವನ ವಕೀಲರು ವಾದಿಸುತ್ತಾರೆ. 'ಹಳೆಯ ಬಾಕಿಗೆ, ನನ್ನ ನೋಟಿಸಿನ ಹಕ್ಕು ಬಿಟ್ಟುಕೊಡದೆ' ಅಂತ ರಸೀದಿಯಲ್ಲಿ ಬರೆದು ತಗೊಳ್ಳಿ. ಇನ್ನೂ ಒಂದು: ಬಾಡಿಗೆ ಬಾಕಿಗೆ ಮೂರು ವರ್ಷದ ಕಾಲಮಿತಿ ಇದೆ. ಪಾಪ ಅಂತ ಬಿಡುತ್ತಾ ಹೋದರೆ ಹಳೆಯ ತಿಂಗಳುಗಳು ಒಂದೊಂದಾಗಿ ಉದುರಿಹೋಗುತ್ತವೆ.

ವಕೀಲರ ಫೀಸಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ಆದಾಯದ ಮಿತಿ ಇಲ್ಲ. ಪ್ರವಾಹದಂಥ ವಿಪತ್ತಿನಲ್ಲಿ ನೊಂದವರಿಗೂ ಇದೆ, ಮೇಲಿನ ಕುಶಾಲನಗರದವರು ಇದನ್ನು ಗಮನಿಸಲಿ. ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಯಲ್ಲೋ, ಮಡಿಕೇರಿಯ ಜಿಲ್ಲಾ ಪ್ರಾಧಿಕಾರದಲ್ಲೋ ಒಂದು ಅರ್ಜಿ ಕೊಡಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ದಾವೆ ಹಾಕುವ ಮೊದಲೇ ಈ ವಿಷಯವನ್ನು ಲೋಕ ಅದಾಲತ್‌ಗೆ ತರಬಹುದು. ಅಲ್ಲಿ ರಾಜಿಯಾದರೆ ಅದಕ್ಕೆ ಕೋರ್ಟಿನ ಡಿಕ್ರಿಯಷ್ಟೇ ಬಲ, ಮೇಲ್ಮನವಿ ಇಲ್ಲ. ಅವನು ಮತ್ತೆ ಮಾತು ತಪ್ಪಿದರೆ ಹೊಸ ಕೇಸು ಬೇಡ, ಜಾರಿ ಅರ್ಜಿ ಸಾಕು. ನನ್ನ ಅಭಿಪ್ರಾಯ ಕೇಳಿದರೆ, ಬಾಕಿಯಲ್ಲಿ ಸ್ವಲ್ಪ ಬಿಟ್ಟಾದರೂ ಖಾಲಿ ಮಾಡುವ ತಾರೀಕನ್ನು ಗಟ್ಟಿ ಮಾಡಿಕೊಳ್ಳಿ. ಹೊಸ ಬಾಡಿಗೆದಾರ ಬಂದರೆ ಮೂರು ತಿಂಗಳಲ್ಲಿ ನಿಮ್ಮ 26,000 ವಾಪಸು ಬರುತ್ತದೆ. (ದೊಡ್ಡ ಕಟ್ಟಡದವರಿಗೆ: ವ್ಯಾಪಾರದ ಜಾಗದ ವ್ಯಾಜ್ಯದ ಮೌಲ್ಯ 3 ಲಕ್ಷ ಮುಟ್ಟಿದರೆ ಅದು ವಾಣಿಜ್ಯ ನ್ಯಾಯಾಲಯದ ಪಾಲು. ತುರ್ತು ಆದೇಶ ಬೇಕಿಲ್ಲದಿದ್ದರೆ ಅಲ್ಲಿ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ.)

ಪ್ರಶ್ನೆ: ನಾಪೋಕ್ಲಿನಲ್ಲಿ ಹಾರ್ಡ್‌ವೇರ್ ಅಂಗಡಿ. ಕಟ್ಟಡದ ಯಜಮಾನರು ಹೋದ ವರ್ಷ ತೀರಿಕೊಂಡರು. ಬೆಂಗಳೂರಿನಲ್ಲಿರುವ ಮಗ 'ಬಾಡಿಗೆ ನನಗೆ ಹಾಕಿ' ಅನ್ನುತ್ತಾರೆ. ಮಗಳು ಅರ್ಧ ನನಗೆ ಅನ್ನುತ್ತಾರೆ. ಇದರ ಮಧ್ಯೆ ಅವರ ಚಿಕ್ಕಪ್ಪ ಬಂದು 'ಇದು ಜಮ್ಮಾ ಜಾಗ (ತಲೆಮಾರಿನಿಂದ ಬಂದದ್ದು), ಒಕ್ಕದ್ದು (ಇಡೀ ಮನೆತನದ್ದು), ಅವನಿಗೆ ಕಟ್ಟೋಕೇ ಹಕ್ಕಿರಲಿಲ್ಲ, ಬಾಡಿಗೆ ನನಗೆ ಬರಬೇಕು' ಅಂತಾರೆ. ಮೂವರೂ ನನಗೆ ಬೇಕಾದವರು.
— ವ್ಯಾಪಾರಿ, ನಾಪೋಕ್ಲು

ಉತ್ತರ: ಇದು ಕೊಡಗಿನಲ್ಲಿ ಮಾತ್ರ ಹುಟ್ಟುವ ತಲೆನೋವು. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಪಟ್ಟೆದಾರರ, ಅಂದರೆ ಒಕ್ಕದ ಹಿರಿಯರ ಹೆಸರು, ಜಾಗದಲ್ಲಿ ಇನ್ನೊಬ್ಬರ ಕಟ್ಟಡ, ಒಕ್ಕದೊಳಗೆ ಹತ್ತಾರು ಪಾಲು. ಅದನ್ನು ಬಗೆಹರಿಸುವುದು ನಿಮ್ಮ ಕೆಲಸ ಅಲ್ಲ. ಆ ಜಗಳದಲ್ಲಿ ಮೊಳೆ, ಸುತ್ತಿಗೆ ಮಾರುವವರು ತೀರ್ಪು ಕೊಡಲು ಹೋಗಬಾರದು.

ಚಿಕ್ಕಪ್ಪನನ್ನು ಮೊದಲು ಬದಿಗಿಡಿ. ನೀವು ಜಾಗ ಹಿಡಿದದ್ದು ತೀರಿಕೊಂಡ ಯಜಮಾನರಿಂದ. ಯಾರಿಂದ ಜಾಗ ಪಡೆದಿರೋ ಅವರಿಗೆ ಆಗ ಹಕ್ಕಿರಲಿಲ್ಲ ಅಂತ ಬಾಡಿಗೆದಾರ ಹೇಳುವಂತಿಲ್ಲ. ಹಾಗಾಗಿ ಕೋರ್ಟಿನ ಆದೇಶ ತರುವವರೆಗೆ ಚಿಕ್ಕಪ್ಪನಿಗೆ ಒಂದು ರೂಪಾಯಿಯೂ ಬೇಡ. ಕಾಫಿ ಕೊಡಿ, ಮರ್ಯಾದೆಯಿಂದ ಮಾತಾಡಿಸಿ, ಅಷ್ಟೇ.

ಮಗ, ಮಗಳಿಗೆ ಒಂದೇ ಒಕ್ಕಣೆಯ ಕಾಗದ ಬರೆಯಿರಿ: ಇಬ್ಬರೂ ಸಹಿ ಹಾಕಿ ಯಾವ ಖಾತೆಗೆ ಹಾಕಬೇಕು ಅಂತ ತಿಳಿಸಿ, ಅಲ್ಲಿಯವರೆಗೆ ಪ್ರತಿ ತಿಂಗಳ ಬಾಡಿಗೆಯನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿ ಇಡುತ್ತೇನೆ. ಇಡುತ್ತೇನೆ ಅಂದ ಮೇಲೆ ನಿಜವಾಗಿಯೂ ಇಡಿ. ಸಿಮೆಂಟ್ ಲೋಡಿಗೆ ಅದನ್ನೇ ತೆಗೆದು ಬಳಸಬೇಡಿ. ಅವರು ಒಪ್ಪದೆ ಹೋದರೆ 'ಹಣ ಇಲ್ಲಿದೆ, ಯಾರಿಗೆ ಅಂತ ನೀವೇ ಹೇಳಿ' ಎಂದು ಕೋರ್ಟಿನಲ್ಲಿ ನೀವೇ ದಾವೆ ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ನೇ ಆದೇಶದಲ್ಲಿ ಇದಕ್ಕೆ ಅವಕಾಶ ಇದೆ. ಯಜಮಾನರ ಮೂಲಕವೇ ಹಕ್ಕು ಕೇಳುವ ವಾರಸುದಾರರ ನಡುವೆ ಮಾತ್ರ ಇದು ನಡೆಯುತ್ತದೆ. ಚಿಕ್ಕಪ್ಪನಂತೆ ಯಜಮಾನರ ಹಕ್ಕನ್ನೇ ಅಲ್ಲಗಳೆಯುವವರನ್ನು ಬಾಡಿಗೆದಾರ ಇದರೊಳಗೆ ಎಳೆಯಲಾಗದು.

ಪ್ರಶ್ನೆ: ನನ್ನದು ವಿರಾಜಪೇಟೆಯಲ್ಲಿ ಬೇಕರಿ, ಜಿಎಸ್‌ಟಿ ನೋಂದಣಿ ಇದೆ. ಓನರಿಗೆ ಇಲ್ಲ. ಆದರೂ ಬಾಡಿಗೆಯ ಮೇಲೆ ಶೇಕಡಾ 18 ತೆರಿಗೆ ನಾನೇ ಕಟ್ಟಬೇಕು ಅಂತ ಆಡಿಟರ್ ಹೇಳುತ್ತಾರೆ. ಓನರ್ ಮೇಲೆ ಹಾಕಬಹುದಾ?

ಉತ್ತರ: ಆಡಿಟರ್ ಸರಿ. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದವರಿಂದ ವ್ಯಾಪಾರದ ಜಾಗ ಬಾಡಿಗೆಗೆ ಪಡೆದ ನೋಂದಾಯಿತ ವ್ಯಾಪಾರಿಯೇ ತೆರಿಗೆ ಕಟ್ಟಬೇಕು. ಕಾಂಪೋಸಿಷನ್ ಸ್ಕೀಮಿನಲ್ಲಿ (ಸಣ್ಣ ವ್ಯಾಪಾರಿಗಳು ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದ ತೆರಿಗೆ ಕಟ್ಟುವ ವ್ಯವಸ್ಥೆ) ಇರುವವರಿಗೆ ಆಮೇಲೆ ವಿನಾಯಿತಿ ಕೊಟ್ಟರು. ನೀವು ಯಾವುದರಲ್ಲಿದ್ದೀರಿ ನೋಡಿಕೊಳ್ಳಿ. ಇದಕ್ಕಾಗಿ ಓನರ್ ಜೊತೆ ಜಗಳ ಬೇಡ, ಅವರು ಮಾಡಿದ ನಿಯಮ ಅಲ್ಲ.

ಪ್ರಶ್ನೆ: ಅಮ್ಮತ್ತಿಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದೆ. ಮುಂದಿನ ತಿಂಗಳು ಬಿಡುತ್ತಿದ್ದೇನೆ. ಅಡ್ವಾನ್ಸ್ 40,000. 'ಹೊಸಬರು ಬಂದ ಮೇಲೆ ಕೊಡ್ತೀನಿ' ಅನ್ನುತ್ತಾರೆ. ನಾನು ಹಾಕಿಸಿದ ಮರದ ಶೆಲ್ಫು, ಆಳೆತ್ತರದ ಕನ್ನಡಿಯನ್ನೂ ಬಿಟ್ಟು ಹೋಗಬೇಕಂತೆ.
— ಓದುಗರು, ಅಮ್ಮತ್ತಿ

ಉತ್ತರ: ಹೊಸಬರು ಬರುವುದಕ್ಕೂ ನಿಮ್ಮ ಹಣಕ್ಕೂ ಸಂಬಂಧ ಇಲ್ಲ, ಕರಾರಿನಲ್ಲಿ ಹಾಗೆ ಬರೆದಿದ್ದರೆ ಮಾತ್ರ ಬೇರೆ ಮಾತು. ಕೀಲಿ ಕೊಡುವ ದಿನ ಅವರನ್ನು ಅಂಗಡಿಗೇ ಕರೆಯಿರಿ. ಮೀಟರ್ ರೀಡಿಂಗ್, ಗೋಡೆ, ನೆಲ, ಶಟರ್ ಸ್ಥಿತಿ, ಬಾಕಿ ಏನೂ ಇಲ್ಲ ಅನ್ನುವ ಮಾತು, ಕೀಲಿ ಕೊಟ್ಟ ಹೊತ್ತು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಅಡ್ವಾನ್ಸ್ ಅವತ್ತೇ ಕೊಡಲಾಗದಿದ್ದರೆ ಅದೇ ಹಾಳೆಯಲ್ಲಿ ತಾರೀಕು ಬರೆಸಿ. ಸಹಿ ಹಾಕುವುದಿಲ್ಲ ಅಂದರೆ ಅದೇ ವಿವರವನ್ನು ಮೆಸೇಜ್ ಮಾಡಿ, ಪೋಸ್ಟಿನಲ್ಲೂ ಕಳಿಸಿ.

ಶೆಲ್ಫು, ಕನ್ನಡಿ ನಿಮ್ಮವು. ಬಾಡಿಗೆದಾರ ತಾನು ಅಳವಡಿಸಿದ್ದನ್ನು ತೆಗೆದುಕೊಂಡು ಹೋಗಬಹುದು, ಜಾಗವನ್ನು ಮೊದಲಿದ್ದ ಹಾಗೆ ಬಿಡಬೇಕು. ಆದರೆ ಜಾಗ ನಿಮ್ಮ ಸ್ವಾಧೀನದಲ್ಲಿ ಇರುವಾಗಲೇ ತೆಗೆಯಬೇಕು. ಕೀಲಿ ಕೊಟ್ಟ ಮೇಲೆ 'ಕನ್ನಡಿ ಮರೆತೆ' ಅಂತ ಹೋಗುವಂತಿಲ್ಲ. ಹಾಗಾಗಿ ಆಚಾರಿಯನ್ನು ಕೊನೆಯ ದಿನಕ್ಕೆ ಅಲ್ಲ, ಹಿಂದಿನ ವಾರವೇ ಕರೆಸಿ. ಸ್ಕ್ರೂ ತೆಗೆದ ತೂತುಗಳಿಗೆ ಪುಟ್ಟಿ ತುಂಬಿಸಿ, ಆ ಗೋಡೆಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.